ಹಸಿರು ಮುದ್ರೆಯ ಲಡಿ

ಒಂದು ಕಿಲೋ ರೇಷ್ಮೆ ನೂಲು ತೆಗೆಯಲು ಏಳು ಕಿಲೋ ಗೂಡು ಬೇಕು. ಈ ವಾರ ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಗೂಡಿನ ಬೆಲೆ ಕಿಲೋಗೆ ಆರುನೂರ ಇಪ್ಪತ್ತು. ಅಲ್ಲಿಗೆ ನಾಲ್ಕು ಸಾವಿರದ ಮುನ್ನೂರ ನಲವತ್ತು. ಸೌದೆಗೆ ಇನ್ನೂರು, ಕೂಲಿಗೆ ನಾನೂರ ಐವತ್ತು. ನೂಲು ಮಾರಿದರೆ ನಾಲ್ಕು ಸಾವಿರದ ಏಳುನೂರು ಬರುತ್ತದೆ, ಬೆಂದ ಹುಳ ಮಾರಿದರೆ ಇನ್ನೊಂದು ನೂರು. ಹೀಗೆ ಕಿಲೋಗೆ ನೂರ ತೊಂಬತ್ತು ರೂಪಾಯಿ ಕೈಯಿಂದಲೇ ಹೋಗುತ್ತದೆ. ಅಸ್ಗರ್ ಮೂವತ್ತು ವರ್ಷದಿಂದ ಇಂಥ ಲೆಕ್ಕ ಹಾಕುತ್ತಲೇ ಬಂದಿದ್ದ. ಹೆಂಡತಿ ಅಖ್ತರಿಯ ಉಸಿರನ್ನು ಅದರಲ್ಲಿ ಯಾವ ಕಡೆ ಬರೆಯಬೇಕೆಂದು ಮಾತ್ರ ಅವನಿಗೆ ಗೊತ್ತಾಗಿರಲಿಲ್ಲ.

ಗೂಡು ಬೇಯಿಸುವ ಮನೆಗೂ ಅವರು ಮಲಗುವ ಕೋಣೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಹಬೆಯೂ ಹುಳದ ವಾಸನೆಯೂ ಅದನ್ನು ದಾಟಿ ಬರುತ್ತಿದ್ದವು. ಅಖ್ತರಿಗೆ ನಾಲ್ಕು ಹೆಜ್ಜೆಗೆ ಎದೆ ಗೊರಗೊರ ಅನ್ನುತ್ತಿತ್ತು. ಈ ಹಬೆಯಿಂದ ದೂರ ಇರದಿದ್ದರೆ ಮಾತ್ರೆಯಿಂದ ಏನೂ ಆಗದು ಎಂದು ಚಿಕ್ಕಬಳ್ಳಾಪುರದ ಡಾಕ್ಟರು ಹೇಳಿದ್ದರು. ಊರಿನ ಆ ತುದಿಯಲ್ಲಿ ವೆಂಕಟರವಣಪ್ಪನವರ ಮನೆ ಭೋಗ್ಯಕ್ಕಿತ್ತು. ಮೂರು ಲಕ್ಷ. ತಿಂಗಳ ಕೊನೆಯವರೆಗೆ ಕಾಯುತ್ತೇನೆ ಅಂದಿದ್ದರು.

ಅದೇ ವಾರ ಗೂಡಿನ ಮಾರುಕಟ್ಟೆಗೆ ಮೋಹನ್‌ಬಾಬು ಎಂಬ ನಿವೃತ್ತ ಕರ್ನಲ್ ಬಂದರು. ಸೈನ್ಯಕ್ಕೆ ಅಕ್ಕಿ, ಬೇಳೆ, ಬೂಟು ಸಾಗಿಸುವ ವಿಭಾಗದಲ್ಲಿ ಸೇವೆ ಮಾಡಿದವರು. ಈಗ ನಂದಿಯಲ್ಲಿ ಒಂದು ಹಳೆಯ ಮನೆ ಹಿಡಿದು, ಸೈನ್ಯದ ಸರಬರಾಜಿಗೆಂದೇ ಮ್ಯೂಸಿಯಂ ಮಾಡುತ್ತಿದ್ದರು. ಹೇಸರಗತ್ತೆಯ ಜೀನು, ತೊಗಲಿನ ನೀರುಚೀಲ, ಬಿಸ್ಕತ್ತಿನ ಡಬ್ಬ ಎಲ್ಲ ಕೂಡಿಹಾಕಿದ್ದರು.

"ಅಂಬಾಜಿದುರ್ಗದ ಕೋಟೆ ಹಿಡಿದೋನ ಹೆಸರು ಪುಸ್ತಕದಲ್ಲಿದೆ. ಅವನ ದಂಡಿಗೆ ಅಕ್ಕಿ ಹೊತ್ತ ಎತ್ತಿನೋನ ಹೆಸರು ಯಾರಿಗೆ ಗೊತ್ತು?" ಎಂದು ಅವರು ನೂಲು ತೆಗೆಯುವ ರೀಲರುಗಳನ್ನು ಸುತ್ತ ನಿಲ್ಲಿಸಿಕೊಂಡು ಕೇಳಿದರು. "ಎರಡನೇ ಮಹಾಯುದ್ಧದಲ್ಲಿ ನಿಮ್ಮ ತಾತಂದಿರ ನೂಲು ಪ್ಯಾರಾಚೂಟಿಗೆ ಹೋಗಿದೆ. ಆ ಕಾಲದ ಒಂದೇ ಒಂದು ನೂಲಿನ ಲಡಿ, ಚೀಟಿ ಸಮೇತ, ಐದು ವರ್ಷದಿಂದ ಹುಡುಕ್ತಾ ಇದೀನಿ. ಅಸಲಿ ಆದ್ರೆ ನಮ್ಮ ಟ್ರಸ್ಟು ಮೂರು ಲಕ್ಷ ಕೊಡತ್ತೆ."

ದಿಲ್ಲಿಯ ಯಾವುದೋ ಕಡತದಲ್ಲಿ ಸಿಕ್ಕ ರಸೀತಿಯ ಚಿತ್ರವನ್ನು ಫೋನಿನಲ್ಲಿ ತೋರಿಸಿದರು. ಅದರ ಮೇಲೆ ದುಂಡಗಿನ ಹಸಿರು ಮುದ್ರೆ. ನೂಲು ಪಾಸಾದರೆ ಅದನ್ನು ಒತ್ತುತ್ತಿದ್ದರಂತೆ. ಅಸ್ಗರ್ ಆ ಚಿತ್ರವನ್ನು ತನ್ನ ಫೋನಿಗೆ ಕಳಿಸಿಕೊಂಡ.

ಏಕೆಂದರೆ ಅವನ ಮನೆಯಲ್ಲಿ ಅಂಥ ಲಡಿ ಇತ್ತು. ಅಪ್ಪನ ಅಪ್ಪ ದಾದಾನ ತಗಡಿನ ಟ್ರಂಕಿನ ತಳದಲ್ಲಿ, ಹಳದಿಗಟ್ಟಿ, ಬಟ್ಟೆಯ ಚೀಟಿ ಕಟ್ಟಿಸಿಕೊಂಡು ಕೂತಿತ್ತು. ಚೀಟಿಯ ಮೇಲೆ ಕಪ್ಪು ಮಸಿಯಲ್ಲಿ ದಾದಾನ ಹೆಸರು, 1943ರ ತಾರೀಖು, ಇನ್‌ಸ್ಪೆಕ್ಟರನ ರುಜು. ಅವುಗಳ ಮೇಲೆ ಅಡ್ಡಡ್ಡ ಕೆಂಪು ಮುದ್ರೆ: ರಿಜೆಕ್ಟ್. ನೂಲಿನಲ್ಲಿ ಗಂಟು, ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ದಾದಾನ ಹೆಂಡತಿ ದಾದಿ ಸಾಯುವವರೆಗೂ ಅದನ್ನು ಹಿಡಿದು ಅವನನ್ನು ಹಂಗಿಸುತ್ತಿದ್ದಳು. "ಚೆಂದದ್ದೆಲ್ಲ ಯುದ್ಧಕ್ಕೆ ಹೋಯ್ತು. ನನ್ನ ಪಾಲಿಗೆ ಉಳಿದದ್ದು ಇದೊಂದು, ನೀನೊಬ್ಬ."

ಕೆಂಪು ಮುದ್ರೆಯ ಲಡಿಯನ್ನು ಹಾಗೇ ಒಯ್ದು ಕೊಡುವ ಯೋಚನೆ ಅಸ್ಗರನಿಗೆ ಒಂದು ಗಳಿಗೆಯೂ ಬರಲಿಲ್ಲ. ರೇಷ್ಮೆ ವಿನಿಮಯ ಕೇಂದ್ರದ ಕಟ್ಟೆಯ ಮೇಲೆ ಮೂವತ್ತು ವರ್ಷ ನಿಂತವನು ಅವನು. ನೂಲು ಕಳಪೆ ಅನ್ನಿಸಿಕೊಂಡ ದಿನ ಅದನ್ನು ಕೊಳ್ಳುವ ಹುರಿ ಕಾರ್ಖಾನೆಯವರು ಅವನ ಮುಖವನ್ನೂ ನೋಡುತ್ತಿರಲಿಲ್ಲ. ಬೇಡವೆಂದದ್ದಕ್ಕೆ ಮೂರು ಲಕ್ಷ ಕೊಡುವ ಮನುಷ್ಯ ಭೂಮಿಯ ಮೇಲಿಲ್ಲ. ಗಾಜಿನೊಳಗಿಟ್ಟು ಜನಕ್ಕೆ ತೋರಿಸುವುದು ಗೆದ್ದದ್ದನ್ನೇ ತಾನೇ.

ಆದ್ದರಿಂದ ದಾದಾನನ್ನು ಪಾಸು ಮಾಡಬೇಕಿತ್ತು.

ಚೀಟಿ ಅಸಲಿ, ಅದೇ ಅವನ ಬಲ. ಅದರ ಮೂಲೆಯನ್ನು ಸೋಪಿನ ಬಿಸಿನೀರಿಗೆ ಅದ್ದಿ ನೋಡಿದ. ಬರವಣಿಗೆಯ ಕಪ್ಪು ಮಸಿ ಅಲುಗಲಿಲ್ಲ, ಮುದ್ರೆಯ ಕೆಂಪು ಕರಗಿತು. ನಾಲ್ಕು ಸಲ ಅದ್ದಿ ಒಣಗಿಸಿದ ಮೇಲೆ ತಿಳಿ ಗುಲಾಬಿ ಕಲೆ ಮಾತ್ರ ಉಳಿಯಿತು. ಹಸಿರು ಮುದ್ರೆ ಅದರ ಮೇಲೆ ಕೂತರೆ ಅದೂ ಕಾಣದು.

ಮುದ್ರೆ ಮಾಡಿಸಲು ಶಿಡ್ಲಘಟ್ಟದಲ್ಲಿ ಯಾರನ್ನೂ ಕೇಳಲಿಲ್ಲ. ಬಸ್ಸು ಹತ್ತಿ ಚಿಂತಾಮಣಿಗೆ ಹೋದ. ರಬ್ಬರ್ ಮೊಹರಿನ ಚಿರಂಜೀವಿ ಫೋನಿನ ಚಿತ್ರ ನೋಡಿ ನಕ್ಕ.

"ಏನ್ ಭಾಯ್, ಬ್ರಿಟಿಷರು ಹೋಗಿದ್ದು ನಿಮ್ಮ ಬೀದಿಗೆ ಇನ್ನೂ ಗೊತ್ತಾಗಿಲ್ವಾ?"

"ಸ್ಕೂಲ್ ನಾಟಕಕ್ಕೆ ಕಣಪ್ಪ."

"ನಾಟಕಕ್ಕೆ ಇಷ್ಟು ನೀಟಾ? ಸರೇ, ಮುನ್ನೂರೈವತ್ತು ಕೊಡಿ. ಅಂಚು ಒಂಚೂರು ಸವೆದಂಗೆ ಮಾಡ್ತೀನಿ, ಹಳೇದರ ಥರ ಕಾಣತ್ತೆ."

ಸವೆದ ಅಂಚು! ಅದು ತನಗೇ ಹೊಳೆದಿರಲಿಲ್ಲವಲ್ಲ ಎಂದು ಅಸ್ಗರನಿಗೆ ಖುಷಿಯಾಯಿತು. ಹೋಗಿ ಬಂದದ್ದಕ್ಕೆ ಬಸ್ಸಿನ ಚಾರ್ಜು ನೂರು. ಮನೆಗೆ ಬಂದು ಹಸಿರು ಮುದ್ರೆಯನ್ನು ಗುಲಾಬಿ ಕಲೆಯ ಮೇಲೆ ಒತ್ತಿದ.

ಇನ್ನು ನೂಲು. ಪಾಸಿನ ಚೀಟಿಗೆ ಗಂಟಿನ ನೂಲು ಕಟ್ಟಿದರೆ ಕರ್ನಲ್ ಮಾರುಕಟ್ಟೆಗೂ ಹಿಡಿದು ಬಂದಿದ್ದ ಭೂತಗನ್ನಡಿ ಬಿಡುತ್ತಿರಲಿಲ್ಲ. ಈಗಿನ ಬಿಳಿ ಗೂಡಿನ ನೂಲೂ ನಡೆಯದು, ಆ ಕಾಲದಲ್ಲಿ ಅದು ಎಲ್ಲಿತ್ತು? ಮಾಗಡಿ ಕಡೆಯ ರೈತನೊಬ್ಬನಿಂದ ಹಳೆಯ ಮೈಸೂರು ತಳಿಯ ಹಳದಿ ಗೂಡು ನಾಲ್ಕು ಕಿಲೋ ತರಿಸಿದ. ಕಿಲೋಗೆ ಎಂಟುನೂರು. ಅಟ್ಟದಿಂದ ದಾದಾನ ಕೈಚರಕ ಇಳಿಸಿ, ಎಣ್ಣೆ ಬಿಟ್ಟ. ಶುಕ್ರವಾರ ನಮಾಜಿನ ನಂತರ ಕೆಲಸದವರು ಇರುತ್ತಿರಲಿಲ್ಲ. ಎರಡು ಶುಕ್ರವಾರ ಒಬ್ಬನೇ ಕೂತು ನೂಲು ತೆಗೆದ. ಅಷ್ಟು ಚೆಂದದ ನೂಲನ್ನು ಅವನು ಜನ್ಮದಲ್ಲಿ ತೆಗೆದಿರಲಿಲ್ಲ. ಎಲ್ಲೂ ಗಂಟಿಲ್ಲ, ಎಲ್ಲೂ ಉಬ್ಬಿಲ್ಲ. ಇದೇ ಕೈಯನ್ನಲ್ಲವೇ ದಿನಾ ಕಟ್ಟೆಯ ಮೇಲೆ ಕಳಪೆ ಅನ್ನುವುದು ಎಂದುಕೊಂಡ. ಟೀ ಡಿಕಾಕ್ಷನ್ನಿನಲ್ಲಿ ಅದ್ದಿ, ಒಲೆಯ ಹೊಗೆಗೆ ಹಿಡಿದು, ಬೇವಿನ ಸೊಪ್ಪಿನ ಜೊತೆ ಟ್ರಂಕಿನಲ್ಲಿಟ್ಟ. ಎಂಟು ದಿನಕ್ಕೆ ಅದಕ್ಕೆ ಎಂಬತ್ತು ವರ್ಷ ವಯಸ್ಸಾಯಿತು.

ಉಳಿದದ್ದು ಹಳೆಯ ಲಡಿ. ಎರಡು ಲಡಿ ಇದ್ದರೆ ಯಾವತ್ತಾದರೂ ಒಂದು ಇನ್ನೊಂದರ ಮೇಲೆ ಸಾಕ್ಷಿ ಹೇಳುತ್ತದೆ. ಅದನ್ನು ಗೂಡು ಬೇಯಿಸುವ ಒಲೆಗೆ ಹಾಕಿದ. ಕೂದಲು ಸುಟ್ಟ ವಾಸನೆ ಬಂತು. ಗೋಡೆಯ ಆ ಕಡೆ ಅಖ್ತರಿ ಕೆಮ್ಮಿ, ಮಗಳ ಹೆಸರು ಹಿಡಿದು ಕೂಗಿದಳು.

"ಶೈಸ್ತಾ ಅಬ್ಬಾ, ಏನ್ ಸುಡ್ತಾ ಇದೀರಿ?"

"ಕಸ."

"ಕಸ ಸುಡೋಕೆ ಆ ಮನೇಲಿ ಹಿತ್ತಲಿದೆಯಂತೆ. ವರಲಕ್ಷ್ಮಮ್ಮ ಹೇಳಿದ್ರು." ವರಲಕ್ಷ್ಮಮ್ಮ ವೆಂಕಟರವಣಪ್ಪನವರ ಹೆಂಡತಿ. ಮಗಳು ಶೈಸ್ತಾ ಅತ್ತೆಮನೆಯಿಂದ ಬಂದರೆ ಮಲಗಲು ಬೇರೆ ಕೋಣೆಯೂ ಇದೆ ಎಂದು ಅಖ್ತರಿ ಉಸಿರು ಎಳೆದೆಳೆದು ಹೇಳಿದಳು. ದುಡ್ಡು ಬರುತ್ತದೆ ಎಂದು ಅಸ್ಗರ್ ಅಂದದ್ದನ್ನು ನಂಬಿ ಅವತ್ತೇ ಅವಳು ದಿನಬಳಕೆಗೆ ಬೇಡದ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬಿ ಬಾಯಿ ಕಟ್ಟಿದ್ದಳು.

ಭಾನುವಾರ ಬೆಳಿಗ್ಗೆ ಅಸ್ಗರ್ ನಂದಿಗೆ ಹೋದ. ಬಸ್ಸಿಗೆ ನೂರ ನಲವತ್ತು. ಕರ್ನಲ್ ಲಡಿಯನ್ನು ಕಿಟಕಿಯ ಬೆಳಕಿಗೆ ಒಯ್ದು, ಭೂತಗನ್ನಡಿ ಹಿಡಿದು, ಚೀಟಿಯ ಬರವಣಿಗೆ ಓದಿದರು. ಈ ಇನ್‌ಸ್ಪೆಕ್ಟರನ ರುಜು ತಾವು ಬೇರೆ ಕಾಗದಗಳಲ್ಲಿ ನೋಡಿದ್ದು, ಅಸಲಿ ಅಂದರು. ನೂಲು ಸವರಿ, ಎಂಥಾ ಕೈ ಸ್ವಾಮಿ ನಿಮ್ಮ ದಾದಾನದು ಅಂದರು. ಅಸ್ಗರನಿಗೆ ಕಣ್ಣು ತುಂಬಿತು. ಆಮೇಲೆ ಅವರ ದೃಷ್ಟಿ ಹಸಿರು ಮುದ್ರೆಯ ಮೇಲೆ ಬಹಳ ಹೊತ್ತು ನಿಂತಿತು.

"ಇದು ಎಲ್ಲಿ ಸಿಕ್ತು ಅಸ್ಗರ್ ಅವರೇ? ಯಾರಾದ್ರೂ ಕೊಟ್ಟಿದ್ದಾ?"

ಈ ಪ್ರಶ್ನೆಗೆ ಅವನು ತಯಾರಾಗಿದ್ದ. "ಇಲ್ಲ ಸಾರ್. ದಾದಾ ಕಾಲದಿಂದ ನಮ್ಮ ಟ್ರಂಕಲ್ಲೇ ಇದೆ. ಹೊಸಲು ದಾಟಿದ್ದು ಇವತ್ತೇ."

ಕರ್ನಲ್ ಕುರ್ಚಿ ಎಳೆದು ಕೂತು, ಅವನನ್ನೂ ಕೂರಿಸಿದರು. "ಪಾಸಾದ ನೂಲನ್ನ ಅವರು ಅಲ್ಲೇ ತೂಕ ಹಾಕಿ, ದುಡ್ಡು ಕೊಟ್ಟು, ಲಾರಿಗೆ ಏರಿಸಿಬಿಡ್ತಿದ್ರು. ಮನೇಲಿ ಉಳೀತಿದ್ದದ್ದು ರಿಜೆಕ್ಟ್ ಆದದ್ದು ಮಾತ್ರ. ಐದು ವರ್ಷದಿಂದ ನಾನು ಹುಡುಕ್ತಾ ಇರೋದು ಅದನ್ನೇ. ಇದು ಪಾಸಾಗಿಯೂ ನಿಮ್ಮ ಟ್ರಂಕಲ್ಲಿತ್ತು ಅಂದ್ರೆ, ನಿಮ್ಮ ದಾದಾ ಯುದ್ಧದ ಮಾಲು ಕದ್ದಿರಬೇಕು." ಹೌದು ಅಂದರೆ ದಾದಾ ಕಳ್ಳ, ಇಲ್ಲ ಅಂದರೆ ಮುದ್ರೆ ಸುಳ್ಳು. "ದಾದಾ ಕದ್ದಿಲ್ಲ ಸಾರ್," ಎಂದ ಅಸ್ಗರ್. ಕರ್ನಲ್ ಲಡಿಯನ್ನು ಕಾಗದದಲ್ಲಿ ಸುತ್ತಿ ಅವನ ಕೈಗಿಟ್ಟರು. ಗೂಡು, ಮೊಹರು, ಬಸ್ಸು ಸೇರಿ ಖರ್ಚಾದದ್ದು ಮೂರು ಸಾವಿರದ ಏಳುನೂರ ತೊಂಬತ್ತು ರೂಪಾಯಿ. ಒಲೆಗೆ ಹೋದದ್ದು ಮೂರು ಲಕ್ಷ. ತಿಂಗಳ ಕೊನೆಗೆ ವೆಂಕಟರವಣಪ್ಪನವರ ಮನೆಗೆ ಬೇರೆಯವರು ಬಂದರು, ಅಖ್ತರಿ ಗೋಣಿಚೀಲದ ಬಾಯಿ ಬಿಚ್ಚಿ ಪಾತ್ರೆಗಳನ್ನು ಮೊದಲಿದ್ದಲ್ಲೇ ಇಟ್ಟಳು.