ಮೂಗಪ್ಪನ ಕೊನೆಯ ಶಾಟ್

ಶನಿವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಒಮಾನಿನ ರುಸೈಲ್ ಕೈಗಾರಿಕಾ ಪ್ರದೇಶದ ಪಕ್ಕದ ಪೊಲೀಸ್ ಠಾಣೆಗೆ ಒಬ್ಬ ಹೆಂಗಸು ಬಂದು, ಗಂಡನ ಶವ ತನಗೆ ಈಗ ಬೇಡ ಎಂದು ಕೂತುಬಿಟ್ಟಳು.

ಹೆಸರು ಲೋಲಾಕ್ಷಿ, ಊರು ಮೂಲ್ಕಿ ಕಡೆ. ಗಂಡ ಪೂವಪ್ಪ ಹಿಂದಿನ ದಿನ, ಶುಕ್ರವಾರ ಸಂಜೆ, ಒಂದು ಗೋದಾಮಿನ ಹಿಂಭಾಗದ ಟೆರೇಸಿನಿಂದ ಬಿದ್ದು ಸತ್ತಿದ್ದ. ಊರಿನ ಸಂಘದವರು ಪಾಪ, ರಾತ್ರಿಯೆಲ್ಲ ಓಡಾಡಿ ಕಾಗದಪತ್ರ ತಯಾರಿಸಿದ್ದರು. ಭಾನುವಾರದ ವಿಮಾನದಲ್ಲಿ ಶವಪೆಟ್ಟಿಗೆಗೆ ಜಾಗವೂ ಸಿಕ್ಕಿತ್ತು. ಬೇಕಾದದ್ದು ಹೆಂಡತಿಯ ಒಂದು ಸಹಿ.

ಠಾಣೆಯ ಅಧಿಕಾರಿ ನಕೀಬ್ ಖಲ್ಫಾನ್. ನಕೀಬ್ ಎಂದರೆ ನಮ್ಮ ಲೆಕ್ಕದಲ್ಲಿ ಇನ್‌ಸ್ಪೆಕ್ಟರ್. ಬಲೂಚಿ ಮನೆತನದವರಾದ್ದರಿಂದ ಹಿಂದಿ ಅವರಿಗೆ ನೀರು ಕುಡಿದಷ್ಟು ಸಲೀಸು. ಆದರೆ ಲೋಲಾಕ್ಷಿಯ ಹಿಂದಿ ತರಕಾರಿ ಅಂಗಡಿ ದಾಟಿ ಹೋದದ್ದಲ್ಲ. ಹಾಗಾಗಿ ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯಿಂದ ದುಭಾಷಿ ನಝೀರಾಳನ್ನು ಕರೆಸಿದರು. ಉಳ್ಳಾಲದ ಬ್ಯಾರಿ ಹೆಣ್ಣು, ಅರಬ್ಬಿ, ಹಿಂದಿ, ಕನ್ನಡ, ತುಳು ಯಾವುದಕ್ಕೂ ತಡವರಿಸುವವಳಲ್ಲ. ಇಲ್ಲಿಂದ ಮುಂದೆ ಖಲ್ಫಾನ್ ಕೇಳಿದ್ದೆಲ್ಲ ನಝೀರಾಳ ಕನ್ನಡದಲ್ಲಿ ಎಂದು ತಿಳಿಯಬೇಕು.

"ಸಹಿ ಯಾಕೆ ಹಾಕುವುದಿಲ್ಲ?"

"ಹಾಕಿದ್ರೆ ಅವರೇ ತಪ್ಪಿ ಬಿದ್ದರು ಅಂತ ಆಗ್ತದೆ. ಅವರು ತಪ್ಪಿ ಬೀಳುವ ಜನ ಅಲ್ಲ."

"ಎಲ್ಲರೂ ಒಮ್ಮೆ ತಪ್ಪುತ್ತಾರೆ, ಅಕ್ಕ."

"ಬೀಳುವುದೇ ಅವರ ಕೆಲಸ ಸರ್. ಎಷ್ಟೋ ವರ್ಷದಿಂದ ಬೀಳ್ತಿದ್ದಾರೆ. ಕೆಳಗಿನಿಂದ ಯಾರಾದರೂ ಯಲ್ಲಾ, ಹೂಂ ಶುರು ಮಾಡಿ, ಅನ್ನದೆ ಒಂದು ಹೆಜ್ಜೆ ಇಡುವುದಿಲ್ಲ. ಯಲ್ಲಾ ಅಂದದ್ದು ಯಾರು ಅಂತ ಹೇಳಿ, ಆಮೇಲೆ ಸಹಿ ಹಾಕ್ತೇನೆ."

ಖಲ್ಫಾನ್ ದೂರು ಬರೆಸಿಕೊಂಡರು. ಸತ್ತವನು ಯಾರೆಂದು ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ರುಸೈಲ್‌ನಲ್ಲಿ ಪೂವಪ್ಪ ಎಂದರೆ ಯಾರಿಗೂ ಗೊತ್ತಿಲ್ಲ, ಮೂಗಪ್ಪ ಎಂದರೆ ಬಂಗಾಳಿಯೂ ನಗುತ್ತಾನೆ, ಪಠಾಣನೂ ನಗುತ್ತಾನೆ. ಆ ಮೂಗಪ್ಪನೇ ಪೂವಪ್ಪ.

ಊರಿನಲ್ಲಿದ್ದಾಗ ಆತ ತುಳು ನಾಟಕ ತಂಡದ ಹಾಸ್ಯಗಾರ. ಬಾಯಿ ತೆರೆದರೆ ಸಭೆ ಬಿದ್ದು ಬಿದ್ದು ನಗುತ್ತಿತ್ತಂತೆ. ತಂಡ ಮುಚ್ಚಿತು, ಒಮಾನಿಗೆ ಬಂದ, ಎಸಿ ಡಕ್ಟ್ ಕಾರ್ಖಾನೆಯಲ್ಲಿ ಸ್ಟೋರ್‌ಕೀಪರ್ ಆದ. ಒಂದು ಕೋಣೆಯಲ್ಲಿ ನಾಲ್ಕು ಭಾಷೆಯವರು ಮಲಗುವ ಕ್ಯಾಂಪಿನಲ್ಲಿ ಇವನ ತುಳು ಜೋಕು ಯಾರಿಗೆ ಬೇಕು? ಮಾತಿನ ಮಲ್ಲ ಆರು ತಿಂಗಳು ಮುಖ ಊದಿಸಿಕೊಂಡಿದ್ದ. ಆಮೇಲೆ ಒಂದು ಶುಕ್ರವಾರ ಮೆಸ್ಸಿನಲ್ಲಿ, ಏಣಿ ಹೊತ್ತ ಫೋರ್‌ಮನ್ ಬಾಗಿಲು ದಾಟಲಾರದೆ ಒದ್ದಾಡುವುದನ್ನು ಒಂದು ಮಾತೂ ಆಡದೆ ಮಾಡಿ ತೋರಿಸಿದ. ಜನ ಊಟ ಬಿಟ್ಟು ನಕ್ಕರು. ಅಲ್ಲಿಗೆ ಮಾತು ಖಲಾಸ್!

ಆಮೇಲೆ ಶುರುವಾದದ್ದು ಫೋನಿನಲ್ಲೇ ತೆಗೆದ ಕಪ್ಪು ಬಿಳುಪು ಚಿತ್ರಗಳು, ಸದ್ದಿಲ್ಲ, ಮಾತಿಲ್ಲ. ಕತೆ ಅವನದ್ದೇ, ನಿರ್ದೇಶನ ಅವನದ್ದೇ, ಏಟು ತಿನ್ನುವುದೂ ಅವನೇ. ಎರಡು ಅಳತೆ ದೊಡ್ಡದಾದ ಕಾರ್ಖಾನೆಯ ಕವರಾಲ್, ಒಂದೇ ಕಾಲಿಗೆ ಚಪ್ಪಲಿ, ಇದ್ದಿಲಿನಲ್ಲಿ ಬರೆದ ದಪ್ಪ ಹುಬ್ಬು. ಹತ್ತರಲ್ಲಿ ನಾಲ್ಕು ಸಪ್ಪೆ ಎಂಬುದನ್ನೂ ಹೇಳಬೇಕು. ಉಳಿದ ಆರನ್ನು ಕ್ಯಾಂಪಿನ ಬಿಳಿ ಗೋಡೆಯ ಮೇಲೆ ನೋಡಿದವರು ಮತ್ತೆ ಮತ್ತೆ ಹಾಕಿಸಿಕೊಂಡರು, ದೂರದ ಸಲಾಲದವರೆಗೂ ಹಂಚಿಕೊಂಡರು. ಗಂಡ ಚಿತ್ರ ತೆಗೆದರೆ, ಮನೆಯಲ್ಲಿ ಅದನ್ನು ಕತ್ತರಿಸಿ ಜೋಡಿಸುವವಳು ಆಮೇಲೆ ಊರಿನಿಂದ ಬಂದು ಸೇರಿದ ಲೋಲಾಕ್ಷಿ.

ಹನ್ನೊಂದು ಗಂಟೆಗೆ ಖಲ್ಫಾನ್ ಪೇದೆ ಮಾಜಿದ್‌ನನ್ನು ಕರೆದುಕೊಂಡು ಗೋದಾಮಿಗೆ ಹೋದರು. ನಮ್ಮ ಪಂಚನಾಮೆಗೆ ಅಲ್ಲಿ ಮಹ್ದರ್ ಎನ್ನುತ್ತಾರೆ, ಬರೆಯುವ ರೀತಿ ಹೆಚ್ಚು ಕಡಿಮೆ ಒಂದೇ. ಟೆರೇಸಿಗೆ ಮೊಣಕಾಲೆತ್ತರದ ಕಟ್ಟೆ. ಕೆಳಗೆ ಬರೀ ಕಾಂಕ್ರೀಟು, ರಕ್ತದ ಕಲೆ. ಪೂವಪ್ಪ ಬೀಳುವ ಪದ್ಧತಿ ಇಷ್ಟು: ಎಸಿಯ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿ ಮೇಲೆ ಟಾರ್ಪಾಲು ಹೊದಿಸುವುದು, ಅದರ ಮೇಲೆ ಬೆನ್ನು ಹಾಕಿ ಬೀಳುವುದು. ಪೆಟ್ಟಿಗೆ ಕುಸಿದು ಮನುಷ್ಯನನ್ನು ಉಳಿಸುತ್ತದೆ. ಬೀಳುವವನು ಕೆಳಗೆ ನೋಡುವಂತಿಲ್ಲ, ನೋಡಿದರೆ ಮುಖದಲ್ಲಿ ಹೆದರಿಕೆ ಕಾಣುತ್ತದೆ, ಹೆದರಿದವನನ್ನು ಕಂಡು ಯಾರೂ ನಗುವುದಿಲ್ಲ. ಅದಕ್ಕೇ ಕೆಳಗಿನ ಯಲ್ಲಾ.

ಶುಕ್ರವಾರ ಪೆಟ್ಟಿಗೆಗಳು ಅಲ್ಲಿರಲಿಲ್ಲ. ಮಡಚಿ ಕಟ್ಟಿ, ಸವಾದ್ ಎಂಬವನ ಪಿಕಪ್ಪಿನಲ್ಲಿ ಇದ್ದವು. ಸವಾದ್ ಆಗಲೇ ಲಾಕಪ್ಪಿನಲ್ಲಿದ್ದ. ಬಂಟ್ವಾಳದ ಬ್ಯಾರಿ, ಪಿಕಪ್ ಓಡಿಸುವವನು. ಪೂವಪ್ಪನಿಗೆ ಪೆಟ್ಟಿಗೆ ತಂದು ಪೇರಿಸುತ್ತಿದ್ದವನು. ಖಲ್ಫಾನ್ ಠಾಣೆಗೆ ಮರಳಿ ಅವನನ್ನು ಕೇಳಿದರು.

"ಪೆಟ್ಟಿಗೆ ತೆಗೆದದ್ದು ಯಾರು?"

"ನಾನೇ ಸರ್."

"ಯಾಕೆ?"

"ಹರ್ಷಿತ್ ಹೇಳಿದ. ಬೆಳಕು ಸರಿ ಇಲ್ಲ, ಇವತ್ತು ರಿಹರ್ಸಲ್ ಮಾತ್ರ, ಬೀಳುವುದು ನಾಳೆ, ಕಟ್ಟಿ ಇಡು ಅಂತ. ಕಟ್ಟಿ ಇಟ್ಟು ಚಾ ತರ್ಲಿಕ್ಕೆ ಹೋದೆ. ಬರುವಾಗ ಪೂವಪ್ಪಣ್ಣ..." ಅವನು ಗೋಡೆಗೆ ಹಣೆ ಒತ್ತಿ ಅತ್ತ.

"ಅವನು ಹಾಗೆ ಹೇಳಿದ್ದನ್ನು ಬೇರೆ ಯಾರು ಕೇಳಿದ್ದಾರೆ?"

"ಅಲ್ಲಾಹನಿಗೆ ಗೊತ್ತು. ಅಲ್ಲಿ ನಾವು ಮೂವರೇ ಇದ್ದದ್ದು. ನಂಗೆ ಇಬ್ಬರು ಮಕ್ಕಳು ಅಕ್ಕ, ಒಮ್ಮೆ ಇವರಿಗೆ ಸರಿಯಾಗಿ ಹೇಳಿ."

ನಝೀರಾ ಮಕ್ಕಳ ಮಾತನ್ನೂ ಬಿಡದೆ ಹೇಳಿದಳು. ಖಲ್ಫಾನ್ ತಲೆಯಾಡಿಸಿದರು, ಬಾಗಿಲು ಮಾತ್ರ ತೆರೆಯಲಿಲ್ಲ. ಪೆಟ್ಟಿಗೆ ತೆಗೆದ ಕೈ ಸವಾದನದ್ದು, ಅವನೇ ಒಪ್ಪಿಕೊಂಡಿದ್ದಾನೆ. ಹೆಂಗಸು ಸಹಿ ಹಾಕಿದರೆ ಕತೆ ಅಲ್ಲಿಗೇ ನಿಲ್ಲುತ್ತದೆ: ಅಜಾಗರೂಕತೆಯಿಂದ ಸಾವು, ಜೈಲು, ಆಮೇಲೆ ಊರಿಗೆ ಗಡಿಪಾರು.

ಮಧ್ಯಾಹ್ನ ಹರ್ಷಿತ್ ಬಂದ. ಸುರತ್ಕಲ್ ಕಡೆಯ ಹುಡುಗ, ಕಚೇರಿಯೊಂದರಲ್ಲಿ ಕೆಲಸ, ನಾಲ್ಕು ವರ್ಷದಿಂದ ಪೂವಪ್ಪನ ಕ್ಯಾಮರಾಮನ್. ಕಣ್ಣು ಕೆಂಪಾಗಿತ್ತು, ಮಾತು ಗಟ್ಟಿಯಾಗಿತ್ತು.

"ಸವಾದನಿಗೆ ಪೆಟ್ಟಿಗೆ ತೆಗೆಯಲು ಹೇಳಿದೆಯಾ?"

"ಇಲ್ಲ ಸರ್. ಅವನು ಯಾವಾಗ ತೆಗೆದ ಅಂತಲೇ ನಂಗೆ ಗೊತ್ತಿಲ್ಲ."

"ಯಲ್ಲಾ ಅಂದೆಯಾ?"

"ಇಲ್ಲ. ರಿಹರ್ಸಲ್ ಅಲ್ವಾ? ಫೋಕಸ್ ನೋಡ್ಲಿಕ್ಕೆ ಕ್ಯಾಮರಾ ಆನ್ ಮಾಡಿದ್ದೆ. ನಾನು ಹೇಳುವ ಮೊದಲೇ ಹೆಜ್ಜೆ ಹಿಂದೆ ಇಟ್ರು."

ಚಿತ್ರ ತೆಗೆಯುವ ಫೋನು ಪೂವಪ್ಪನದ್ದು. ಅದನ್ನು ಹರ್ಷಿತನೇ ಮೇಜಿನ ಮೇಲಿಟ್ಟ. ಚಿತ್ರ ಓಡಿಸಿದರು: ಟೆರೇಸಿನ ಕಟ್ಟೆ, ಹಿಮ್ಮುಖವಾಗಿ ಬರುವ ಪೂವಪ್ಪ, ಒಂದು ಕ್ಷಣ ನಿಲ್ಲುತ್ತಾನೆ, ಹಿಂದಕ್ಕೆ ವಾಲುತ್ತಾನೆ, ಚೌಕಟ್ಟಿನಿಂದ ಆಚೆ ಹೋಗುತ್ತಾನೆ. ಕೆಳಗೆ ಏನಿತ್ತು, ಏನಿರಲಿಲ್ಲ ಎನ್ನುವುದು ಕಾಣುವುದಿಲ್ಲ. ಮಾಜಿದ್ ವಾಲ್ಯೂಮ್ ಪೂರ್ತಿ ಏರಿಸಿದ. ಏನೂ ಕೇಳಲಿಲ್ಲ.

"ನಮ್ಮದು ಮೂಕಿ ಸರ್. ಮೈಕ್ ಬಂದ್ ಮಾಡಿಯೇ ಇಡುವುದು ಪೂವಪ್ಪಣ್ಣನ ಪದ್ಧತಿ," ಎಂದ ಹರ್ಷಿತ್.

ಅದರಲ್ಲಿ ಸುಳ್ಳಿರಲಿಲ್ಲ. ಖಲ್ಫಾನ್ ಅವನಿಗೆ ಊರು ಬಿಟ್ಟು ಹೋಗಬೇಡ ಎಂದಷ್ಟೇ ಹೇಳಿ ಕಳುಹಿಸಿದರು.

ಲೋಲಾಕ್ಷಿ ಇನ್ನೂ ಹೊರಗಿನ ಕುರ್ಚಿಯಲ್ಲೇ ಇದ್ದಳು. ಸಂಘದ ಹಿರಿಯರೊಬ್ಬರು ಪಕ್ಕದಲ್ಲಿ ಕೂತು, "ಸಾಕಮ್ಮ, ಹೋದವರನ್ನು ಹೀಗೆ ಕಾಯಿಸ್ಬಾರ್ದು. ನಾಳೆಯ ವಿಮಾನ ತಪ್ಪಿದ್ರೆ ಮತ್ತೆ ಯಾವಾಗಲೋ," ಎಂದು ಪೆನ್ನು ಚಾಚಿದ್ದರು. ಆಕೆ ಪೆನ್ನನ್ನು ಕೈಯಲ್ಲಿ ಹಿಡಿದಿದ್ದಳು. ಇನ್ನು ಐದು ನಿಮಿಷ ತಡವಾಗಿದ್ದರೆ ಬರೆದೇಬಿಡುತ್ತಿದ್ದಳೋ ಏನೋ.

ಖಲ್ಫಾನ್ ಆಕೆಯನ್ನು ಒಳಗೆ ಕರೆದು, "ಇದನ್ನು ನೋಡುವುದು ಕಷ್ಟ. ಆದರೂ ಒಮ್ಮೆ ನೋಡಿ. ಯಲ್ಲಾ ಅಂದದ್ದಕ್ಕೆ ಸಾಕ್ಷಿ ಇಲ್ಲ," ಎಂದು ಫೋನು ಕೊಟ್ಟರು.

ಆಕೆ ನೋಡಿದಳು. ಅಳಲಿಲ್ಲ. ಫೋನನ್ನು ಮುಖದ ಹತ್ತಿರ ತಂದಳು.

"ರಿಹರ್ಸಲ್ ಅಂದದ್ದು ಯಾರು?"

"ಹರ್ಷಿತ್. ಸವಾದನೂ ಹಾಗೇ ಹೇಳಿದ."

"ಸುಳ್ಳು! ಹುಬ್ಬು ಬರೆದಿದ್ದಾರೆ ನೋಡಿ. ಅಯ್ಯೋ ದೇವರೇ, ರಿಹರ್ಸಲಿಗೆ ಅವರು ಹುಬ್ಬು ಬರೆಯುವುದೇ ಇಲ್ಲ. ಬೆವರಿಗೆ ಹೋಗ್ತದೆ ಅಂತ ಕೊನೆಗೇ ಬರೆಯುವುದು." ಆಕೆ ನಝೀರಾಳ ಕೈ ಗಟ್ಟಿಯಾಗಿ ಹಿಡಿದಳು. "ಹಾಗಾದ್ರೆ ಸದ್ದು ಉಂಟು ಮೇಡಂ. ಫೋನಲ್ಲಿ ಅಲ್ಲ, ಅವರ ಕವರಾಲಿನ ಒಳಗೆ."

ಅದು ಗಂಡ ಹೆಂಡತಿಗೆ ಮಾತ್ರ ಗೊತ್ತಿದ್ದ ಗುಟ್ಟು. ಪೂವಪ್ಪ ನಿಜವಾದ ಶಾಟ್ ಇದ್ದಾಗಲೆಲ್ಲ ಎದೆಯ ಒಳಜೇಬಿನಲ್ಲಿ ಹೆಬ್ಬೆರಳಿನಷ್ಟು ಚಿಕ್ಕ ರೆಕಾರ್ಡರ್ ಇಟ್ಟುಕೊಳ್ಳುತ್ತಿದ್ದ. ಸುತ್ತ ನಿಂತವರು ಎಲ್ಲಿ ನಕ್ಕರು, ಎಷ್ಟು ಹೊತ್ತು ನಕ್ಕರು ಎಂದು ಮನೆಯಲ್ಲಿ ಕೇಳಿ, ಆ ನಗುವಿನ ಅಳತೆಗೆ ಚಿತ್ರ ಕತ್ತರಿಸುವುದು ಇಬ್ಬರ ಪದ್ಧತಿ. ಹೇಳಿದರೆ ಜನ ಬೇಕೆಂದೇ ನಗುತ್ತಾರೆ ಎಂದು ಯಾರಿಗೂ ಹೇಳಿರಲಿಲ್ಲ. ನಡೆದದ್ದು ರಿಹರ್ಸಲ್ ಎಂದೇ ಆಕೆಗೂ ಹೇಳಿದ್ದರು, ರಿಹರ್ಸಲಿಗೆ ಅದನ್ನು ಇಟ್ಟುಕೊಳ್ಳುವುದಿಲ್ಲವಾದ್ದರಿಂದ ಲೋಲಾಕ್ಷಿ ಬೆಳಿಗ್ಗೆ ಅದರ ಸುದ್ದಿ ಎತ್ತಿರಲಿಲ್ಲ.

ಸತ್ತವನ ಬಟ್ಟೆ ಶವಾಗಾರದ ಚೀಲದಲ್ಲಿ ಮುದ್ರೆ ಹಾಕಿ ಇತ್ತು. ಸಹಿಯಾಗಿದ್ದರೆ ಶವಪೆಟ್ಟಿಗೆಯ ಜೊತೆಗೇ ವಿಮಾನ ಹತ್ತುತ್ತಿತ್ತು. ಮಾಜಿದ್ ಹಿಂದಿನ ದಿನ ಜೇಬಿನಲ್ಲಿದ್ದ ರೆಕಾರ್ಡರನ್ನು ಕಂಡು ಪೆನ್‌ಡ್ರೈವ್ ಎಂದು ಬರೆದಿದ್ದ. ಸಂಜೆ ಐದಕ್ಕೆ ಅದನ್ನು ಕಂಪ್ಯೂಟರಿಗೆ ಹಾಕಿದರು. ಕೋಣೆಯಲ್ಲಿ ಖಲ್ಫಾನ್, ಮಾಜಿದ್, ನಝೀರಾ. ಲೋಲಾಕ್ಷಿ ಹೊರಗೆ ಹೋಗಲು ಒಪ್ಪಲಿಲ್ಲ.

ಮೊದಲು ಗಾಳಿಯ ಸದ್ದು, ಪೂವಪ್ಪನ ಉಸಿರು. ದೂರದಲ್ಲಿ ಪಿಕಪ್ಪಿನ ಬಾಗಿಲು ಮುಚ್ಚಿದ್ದು. ಆಮೇಲೆ ಪೂವಪ್ಪನ ದನಿ, ಹತ್ತಿರದಲ್ಲೇ, "ಹರ್ಷಿತಾ, ಪೆಟ್ಟಿಗೆ ಉಂಟಲ್ಲ ಮಾರಾಯ?"

ಕೆಳಗಿನಿಂದ, "ಉಂಟು ಪೂವಪ್ಪಣ್ಣ. ಯಲ್ಲಾ!"

ಆಮೇಲೆ ಕೇಳಿದ್ದನ್ನು ನಝೀರಾ ಅನುವಾದಿಸಬೇಕಾಗಿರಲಿಲ್ಲ. ಓಡಿ ಬರುವ ಹೆಜ್ಜೆಯ ಸದ್ದು ಇರಲಿಲ್ಲ. ಬಹಳ ಹೊತ್ತಿನ ನಂತರ ನಿಧಾನವಾದ ಹೆಜ್ಜೆಗಳು ಬಂದು ನಿಂತವು. ಲೋಲಾಕ್ಷಿ ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತಿದ್ದಳು.

ಹರ್ಷಿತನನ್ನು ಆರು ಗಂಟೆಗೆ ಅವನ ಕೋಣೆಯಲ್ಲೇ ಬಂಧಿಸಿದರು. ಓಡಲಿಲ್ಲ, ಶರ್ಟು ಬದಲಿಸಿ ಬಂದ. ಸವಾದನ ಲಾಕಪ್ಪಿನ ಬಾಗಿಲು ತೆರೆಯಿತು. ಲೋಲಾಕ್ಷಿ ಸಹಿ ಹಾಕಿದಳು, ಆದರೆ ಕಾಗದದಲ್ಲಿ ಆಕಸ್ಮಿಕ ಎಂಬ ಪದ ಇಲ್ಲ ಎಂದು ನಝೀರಾಳಿಂದ ಎರಡು ಸಲ ಓದಿಸಿಕೊಂಡ ಮೇಲೆ.

"ಯಾಕೆ?" ಎಂದು ಖಲ್ಫಾನ್ ಹರ್ಷಿತನನ್ನು ಕೇಳಿದರು.

ಹರ್ಷಿತ್ ಒಂದೇ ಸಮನೆ ಹೇಳಿದ. ಅವನ ಅಣ್ಣ ಸುಮಿತ್ ಎರಡು ವರ್ಷದ ಹಿಂದೆ ಸೋಹಾರ್ ಪಟ್ಟಣದ ಕಟ್ಟಡವೊಂದರ ಅಟ್ಟಣಿಗೆಯಿಂದ ಬಿದ್ದು ಸತ್ತ. ಊಟದ ಹೊತ್ತು. ಬೀಳುವಾಗ ಟಿಫಿನ್ ಕ್ಯಾರಿಯರ್ ಎದೆಗೆ ಅವಚಿಕೊಂಡಿದ್ದ, ಬಿದ್ದ ಮೇಲೂ ಮುಚ್ಚಳ ಬಿಚ್ಚಿರಲಿಲ್ಲ. ಅಮ್ಮನಿಗೆ ಹೃದಯಾಘಾತ ಎಂದು ಹೇಳಿದ್ದರು. ನಿಜ ಹೇಳಿಕೊಂಡು ಅತ್ತದ್ದು ಒಬ್ಬನ ಹತ್ತಿರ ಮಾತ್ರ, ಪೂವಪ್ಪಣ್ಣನ ಹತ್ತಿರ. ಅವನೂ ಜೊತೆಗೆ ಅತ್ತಿದ್ದ.

"ಈ ಈದ್‌ಗೆ ಅದನ್ನೇ ಪಿಕ್ಚರ್ ಮಾಡಿದ್ರು ಸರ್. ಅದೇ ಟಿಫಿನ್, ಹಾಗೇ ಅವಚಿಕೊಂಡು."

"ಚಿತ್ರ ತೆಗೆದದ್ದು ನೀನೇ ಅಲ್ಲವಾ?"

"ನಾನೇ. ಎಂತ ಮಾಡ್ತಾರೆ ಅಂತ ಅವರು ಮೊದಲೇ ಹೇಳುವುದಿಲ್ಲ. ಎಲ್ಲರೂ ನಕ್ಕರು. ನಾನೂ ನಕ್ಕೆ ಸರ್. ಆಮೇಲೆ ಗೊತ್ತಾಯ್ತು. ಕೇಳಿದ್ದಕ್ಕೆ, ಬೇಜಾರು ಮಾಡ್ಬೇಡ ಮಾರಾಯ, ಜನ ಎಷ್ಟು ನಗ್ತಿದ್ದಾರೆ ನೋಡು ಅಂದ್ರು."

"ಅದಕ್ಕೇ ಕೊಂದೆಯಾ?"

"ಅಷ್ಟಕ್ಕೆ ಬಿಟ್ಟುಬಿಡ್ತಿದ್ದೆ. ನನ್ನ ಫೋನಲ್ಲಿ ಅಮ್ಮನ ವಾಯ್ಸ್ ಮೆಸೇಜ್ ಉಂಟು. ಕಳೆದ ವಾರದ್ದು. ಕೇಳಿ."

ಮಾಜಿದ್ ಹುಡುಕಿ ಹಾಕಿದ. ಒಬ್ಬ ಮುದುಕಿ ತುಳುವಿನಲ್ಲಿ ಮಾತಾಡುತ್ತಿದ್ದಳು, ನಡುನಡುವೆ ನಗು ಉಕ್ಕಿ ಮಾತು ನಿಲ್ಲುತ್ತಿತ್ತು. ಮುಗಿದ ಮೇಲೆ ಖಲ್ಫಾನ್ ನಝೀರಾಳ ಕಡೆ ನೋಡಿದರು. ಅವಳು ಹೇಳಿದಳು.

"ಯಾರೋ ಆ ಪಿಕ್ಚರನ್ನು ಗ್ರೂಪಿಗೆ ಹಾಕಿದ್ದರಂತೆ. ಟಿಫಿನ್ ಹಿಡಿದುಕೊಂಡು ಬೀಳ್ತಾನಲ್ಲ, ಅದನ್ನು ನೋಡಿ ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕೆ ಮಗಾ, ಅಂತಾರೆ. ಸುಮಿತ್ ಹೋದ ಮೇಲೆ ಇಷ್ಟು ನಕ್ಕದ್ದು ಇದೇ ಮೊದಲಂತೆ. ಅವನು ಮತ್ತೆ ಬೀಳುವುದಿದ್ದರೆ ಅದನ್ನೂ ಕಳಿಸು, ಅಂತ ಕೇಳಿದ್ದಾರೆ."