ಎಂಟು ಗೂಟದ ಪ್ರೆಸ್ಸು

ಮೇ ತಿಂಗಳು. ಮಳೆಗೆ ಇನ್ನೂ ಮೂರು ವಾರವಿತ್ತು. ಗುರುವಾರ, ಮಧ್ಯಾಹ್ನ ಎರಡು ಗಂಟೆ. ಕೆಲಸಗಾರರೆಲ್ಲ ಊಟಕ್ಕೆ ಹೋಗಿದ್ದರು.

ನನ್ನ ಎಡಗೈ ನಲವತ್ತು ಟನ್ನಿನ ಪ್ರೆಸ್ಸಿನ ಕೆಳಗಿತ್ತು!

ಬೇಡಿ ಹಾಕಿ ಬಿಗಿದವನು ಧಣಿಯ ಬಂಟ ರುಫೀನೋ. ಬಟನ್ ಹತ್ತಿರ ನಿಂತವನು ಬರ್ರಗಾನ್, ಗ್ವಾದಲಹಾರ ಪಟ್ಟಣದ ಆ ಕಾರ್ಖಾನೆಯ ಧಣಿ. ಇಪ್ಪತ್ತಾರು ವರ್ಷ ಅವನ ಕೊಳಕು ಕೆಲಸಗಳನ್ನೆಲ್ಲ ಮಾಡಿಕೊಟ್ಟವನು ನಾನೇ.

"ಡಾನ್ ಫಿಲೆಮೋನ್," ಎಂದು ಹಿರಿಯರಿಗೆ ಸಲ್ಲುವ ಮರ್ಯಾದೆಯಲ್ಲೇ ನನ್ನನ್ನು ಕರೆದ ಬರ್ರಗಾನ್. "ಆ ಹುಡುಗಿ ಎಲ್ಲಿ? ಚಿಪ್ ಎಲ್ಲಿ?"

"ಊಟಕ್ಕೆ ಹೋಗಿರ್ಬೇಕು, ಧಣಿ."

ರುಫೀನೋ ಪಿಸ್ತೂಲಿನ ಹಿಡಿಯಿಂದ ಬಾಯಿಗೆ ಬಾರಿಸಿದ. ಹಲ್ಲೊಂದು ಉದುರಿತು... ಇದ್ದದ್ದೇ ನಾಲ್ಕು!

ಬರ್ರಗಾನ್ ಹಸಿರು ಬಟನ್ ಒತ್ತಿದ. ಅಚ್ಚು ಇಳಿಯಿತು. ಬೆರಳಿಗೆ ಗೇಣುದ್ದ ಇರುವಾಗ ಕೆಂಪು ಒತ್ತಿದ. ಅಚ್ಚು ನಿಂತು ಮೇಲೇರಿತು.

ಒಂದು.

ನಾನು ಎಣಿಸತೊಡಗಿದೆ. ಕಾರಣವಿತ್ತು.

ಹಿಂದಿನ ದಿನ ಬೆಳಿಗ್ಗೆ ಧಣಿಯೇ ನನ್ನನ್ನು ಗ್ರಿಸೆಲ್ಡಾಳ ಮನೆಗೆ ಅಟ್ಟಿದ್ದ. ಪ್ರೆಸ್ಸಿಗೆ ಪ್ರೋಗ್ರಾಮ್ ಬರೆಯುತ್ತಿದ್ದ ಇಂಜಿನಿಯರ್ ಅವಳು. ಆ ಪ್ರೆಸ್ಸಿಗೆ ಸಿಕ್ಕಿ ಸತ್ತ ಕೆಲಸಗಾರ ಅನಾಕ್ಲೆತೊ ಕುಡಿದಿದ್ದ, ಕೆಂಪು ಬಟನ್ ಒತ್ತಲೇ ಇಲ್ಲ ಎಂದು ಧಣಿ ಸಾಧಿಸುತ್ತಿದ್ದ. ಅದು ಸುಳ್ಳೆಂದು ತೋರಿಸುವ, ಬಟನ್ ಒತ್ತಿದ್ದೆಲ್ಲ ದಾಖಲಾದ ಮೆಮೊರಿ ಚಿಪ್ ಅವಳ ಬಳಿ ಇತ್ತು.

"ಇಂಜಿನಿಯರಮ್ಮ, ಚಿಪ್ ಕೊಟ್ಬಿಡು. ಹೊಡೆಯೋ ವಯಸ್ಸು ನಂದಲ್ಲ."

"ಮೊದ್ಲು ಕೇಳು, ತಾತ. ಒಂದು ಕೆಲಸದ ಮಧ್ಯೆ ಇನ್ನೊಂದಕ್ಕೆ ಏಳ್ಬೇಕಾದ್ರೆ, ಎಲ್ಲಿ ಬಿಟ್ಟೆ ಅಂತ ಯಂತ್ರ ಚೀಟಿ ಬರ್ದು ಗೂಟಕ್ಕೆ ಸಿಕ್ಕಿಸುತ್ತೆ. ವಾಪಸ್ ಬಂದು ಅದನ್ನ ನೋಡ್ಕೊಂಡು ಮುಂದುವರಿಸುತ್ತೆ. ಆ ಸಾಲಿಗೇ ಸ್ಟ್ಯಾಕ್ ಅನ್ನೋದು. ಹಳೇ ಪ್ರೊಸೆಸರ್ ಚೀಟಿಗಳನ್ನ ಹೊರಗಿನ ಮೆಮೊರಿಲಿ ಇಡ್ತಿತ್ತು, ಬೇಕಾದಷ್ಟು ಜಾಗ. ಧಣಿ ತಂದ ಈ ಅಗ್ಗದ್ದಕ್ಕೆ ಹೊಟ್ಟೆಯೊಳಗೆ ಎಂಟೇ ಗೂಟ!"

"ಒಂಬತ್ತನೇ ಚೀಟಿ ಬಂದ್ರೆ?"

"ಮೊದಲನೇದನ್ನ ಕಿತ್ತು ಬಿಸಾಕುತ್ತೆ. ಆಮೇಲೆ ದಾರಿ ತಪ್ಪಿ ಅಚ್ಚು ಇಳಿಸೋ ಜಾಗಕ್ಕೇ ಹೋಗಿ ಬೀಳುತ್ತೆ. ಮೂರು ಸಲ ಪರೀಕ್ಷೆ ಮಾಡಿದೀನಿ. ಕೆಂಪು ಒತ್ತಿದಾಗೆಲ್ಲ ಒಂದು ಚೀಟಿ. ಅಚ್ಚು ತಳದವರೆಗೂ ಇಳಿದು ಪೂರ್ತಿ ಸುತ್ತು ಮುಗಿಸೋವರೆಗೂ ಗೂಟ ಖಾಲಿಯಾಗಲ್ಲ. ಅನಾಕ್ಲೆತೊ ಗಾಬರೀಲಿ ಬಡಿದೂ ಬಡಿದೂ..."

ಅನಾಕ್ಲೆತೊನ ಮಗನನ್ನು ಜ್ಞಾನಸ್ನಾನದಲ್ಲಿ ಎತ್ತಿಕೊಂಡ ಧರ್ಮತಂದೆ ನಾನು.

ಅವಳನ್ನು ಚಿಪ್ ಸಮೇತ ನನ್ನ ನಾದಿನಿಯ ರೊಟ್ಟಿ ಅಂಗಡಿಯಲ್ಲಿ ಅಡಗಿಸಿದೆ. ಮರುದಿನ ರುಫೀನೋ ಲಾರಿಯಲ್ಲಿ ಅಟ್ಟಿಸಿಕೊಂಡು ಬಂದು, ನನ್ನ ಹಳೇ ಪಿಕಪ್ಪನ್ನು ಕಂಬಕ್ಕೆ ಗುದ್ದಿಸಿ, ಕಾಲು ಹಿಡಿದು ಎಳೆದುತಂದ.

ಹಸಿರು. ಕೆಂಪು. ಆರು.

"ಬಾಯಿ ಬಿಡೋ, ಮುದುಕಾ!"

ಏಳು. ಅಚ್ಚು ಉಗುರಿಗೆ ತಾಗಿ ಹೋಯಿತು.

ಎಂಟು.

ಇನ್ನೊಂದು ಸಲ ಒತ್ತಿದರೆ ಕೈ ಹೋಗುತ್ತದೆ. ಅದು ನನಗೆ ಗೊತ್ತು. ಅವನಿಗೆ ಗೊತ್ತಿಲ್ಲ!

"ಹೇಳ್ತೀನಿ ಧಣಿ! ಚಿಪ್ ಇಲ್ಲೇ ಇದೆ... ಒಳಗಡೆ, ಸಂತ ಯೂದನ ಪಟದ ಹಿಂದೆ!"

ಕೆಲಸಗಾರರು ಆ ಪಟವನ್ನು ಅಚ್ಚಿನ ಹಿಂದೆ ಅಂಟಿಸಿದ್ದರು. ದಿಕ್ಕಿಲ್ಲದವರ ಸಂತ ಅವನು; ಮೊದಲು ನೆರವಾದದ್ದು ಕಾಣೆ.

"ಕರೆಂಟ್ ತೆಗೀಲಾ ಧಣಿ?" ಎಂದ ರುಫೀನೋ.

"ಹೆದರುಪುಕ್ಲ! ಈ ಕೆಂಪು ಬಟನ್ ಯಾತಕ್ಕಿರೋದು?"

ಜೋಪಾನದ ಮನುಷ್ಯ. ಮತ್ತೊಮ್ಮೆ ಕೆಂಪು ಒತ್ತಿಯೇ ತಲೆ, ಹೆಗಲು ಅಚ್ಚಿನ ಕೆಳಗೆ ತೂರಿಸಿದ.

ಒಂಬತ್ತು.

ಒಂದು ಉಸಿರಿನಷ್ಟು ಹೊತ್ತು ಯಂತ್ರ ಸುಮ್ಮನಿತ್ತು. ನಾನು ಬೇಡಿಯನ್ನು ಜಗ್ಗಿದೆ...

ಅಚ್ಚು ಇಳಿಯಿತು!

ಎರಡು ಬೆರಳು ನನ್ನವು. ಉಳಿದದ್ದೆಲ್ಲ ಬರ್ರಗಾನ್‌ನದು.

ರುಫೀನೋ ಬೇಡಿಯ ಕೀಲಿ ಎಸೆದು ಓಡಿದ.

ಶುಕ್ರವಾರ ಗ್ರಿಸೆಲ್ಡಾ ಚಿಪ್ಪನ್ನು ಅನಾಕ್ಲೆತೊನ ಹೆಂಡತಿಯ ವಕೀಲರ ಕೈಗಿಟ್ಟು ಉತ್ತರದ ಬಸ್ಸು ಹತ್ತಿದಳು. ಶನಿವಾರ ಬರ್ರಗಾನ್ ಹೋದ, ಮುಚ್ಚಿದ ಪೆಟ್ಟಿಗೆಯಲ್ಲಿ.

ಅನಾಕ್ಲೆತೊ ಕೆಂಪು ಬಟನ್ ಒತ್ತಲಿಲ್ಲ ಎನ್ನುತ್ತಿದ್ದ ಧಣಿ. ತಾನೇ ಒತ್ತಿ ನೋಡಿದ!