ಅಹಲ್ಯಾಳ ಕಾರಿನ ಗೇರ್‌ಬಾಕ್ಸ್

"ಡಾಕ್ಟ್ರೇ, ಇದು ಎಷ್ಟು ದಿನದಿಂದ ಹೀಗಿದೆ?"

ಆಸ್ಟ್ರೇಲಿಯಾದ ಪರ್ತ್‌ನ ವೆಲ್ಷ್‌ಪೂಲ್‌ನಲ್ಲಿರುವ ಆ ವರ್ಕ್‌ಶಾಪಿನಲ್ಲಿ ಕನ್ನಡ ಕೇಳಿಸುತ್ತದೆಂದು ಅಹಲ್ಯಾ ಅಂದುಕೊಂಡಿರಲಿಲ್ಲ. ಆದರೂ ಅವಳಿಗೆ ಆಶ್ಚರ್ಯವಾಗಲಿಲ್ಲ. ವರ್ಷದಿಂದೀಚೆಗೆ ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ.

"ಗೊತ್ತಿಲ್ಲ," ಎಂದಳು.

ಕೇಳಿದವನು ಮೆಕ್ಯಾನಿಕ್ ನಂಜುಂಡಸ್ವಾಮಿ. ನಲವತ್ತರ ಹತ್ತಿರದ ವಯಸ್ಸು, ಮೈಸೂರಿನವನು. ಬಾನೆಟ್ಟಿನೊಳಗಿಂದ ಎಣ್ಣೆ ಅಳೆಯುವ ಉದ್ದನೆಯ ಕಡ್ಡಿ ಎಳೆದು, ಅದರ ತುದಿಯ ಎಣ್ಣೆಯನ್ನು ಬೆರಳಿಗೆ ಸವರಿ ಮೂಸಿದ.

"ಈ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ ಕೆಂಪಗಿರ್ಬೇಕು. ನೋಡಿ, ಡಿಕಾಕ್ಷನ್ ಥರ ಆಗಿದೆ. ಸುಟ್ಟ ವಾಸನೆ ಬೇರೆ. ಆಕ್ಸಿಲರೇಟರ್ ತುಳಿದ್ರೆ ಇಂಜಿನ್ ಕೂಗುತ್ತೆ, ಕಾರು ಮುಂದೆ ಹೋಗಲ್ಲ. ನಿಮಗೆ ಗೊತ್ತಾಗ್ಲೇ ಇಲ್ವಾ?"

"ಗೊತ್ತಾಗ್ತಿತ್ತು."

"ಮತ್ತೆ?"

"ಹೇಗೋ ಆಸ್ಪತ್ರೆ ತನಕ ಹೋಗ್ತಿತ್ತಲ್ಲ..."

ಅವನ ಮುಖ ಬಿಗಿಯಾಯಿತು. "ಹೈವೇ ಮಧ್ಯೆ ನಿಂತುಬಿಟ್ಟಿದ್ರೆ? ಹಿಂದಿನಿಂದ ಲಾರಿ ಬಂದಿದ್ರೆ ಪ್ರಾಣ ಹೋಗ್ತಿತ್ತು."

ಹೋಗಿದ್ದರೆ ಏನಾಗುತ್ತಿತ್ತು... ಅಹಲ್ಯಾ ಯೋಚಿಸಿದಳು. ಹೆದರಿಕೆಯೂ ಬರಲಿಲ್ಲ.

ಅದು ೧೯೮೩. ಅವಳಿಗೆ ಮೂವತ್ತೈದು ವರ್ಷ. ಹಿಂದಿನ ವರ್ಷ ಅವಳ ಗಂಡ ಡಾಕ್ಟರ್ ಉಮಾಕಾಂತ ವೈದ್ಯರ ಸಮ್ಮೇಳನಕ್ಕೆಂದು ಬ್ರಿಸ್ಬೇನ್‌ಗೆ ಹೋದವನು ಹೋಟೆಲಿನ ಕೋಣೆಯಲ್ಲೇ ಹೃದಯಾಘಾತದಿಂದ ತೀರಿಕೊಂಡಿದ್ದ. ಮೂರು ತಿಂಗಳಿಂದ ಎದೆನೋವಿತ್ತಂತೆ. ಅದು ಅವನ ಗೆಳೆಯನಿಗೆ ಗೊತ್ತಿತ್ತು. ಒಂದೇ ಮನೆಯಲ್ಲಿದ್ದ, ತಾನೂ ಡಾಕ್ಟರಾಗಿದ್ದ ಹೆಂಡತಿಗೆ ಗೊತ್ತಿರಲಿಲ್ಲ. "ನೀನು ಗಾಬರಿಯಾಗ್ತೀಯ ಅಂತ ಅವನು ಹೇಳಿರಲಿಲ್ಲಮ್ಮ," ಎಂದಿದ್ದ ಆ ಗೆಳೆಯ.

ಅಂದಿನಿಂದ ಅವಳು ಅತ್ತಿರಲಿಲ್ಲ.

ಗೇರ್‌ಬಾಕ್ಸ್ ಇಳಿಸಿ, ಬಿಚ್ಚಿ, ಒಳಗೆ ಸುಟ್ಟುಹೋಗಿದ್ದ ಕ್ಲಚ್ ಪ್ಲೇಟುಗಳನ್ನು ಬದಲಾಯಿಸಲು ಮೂರು ವಾರ ಬೇಕಾಯಿತು. ಅವಳ ಮನೆ ಇದ್ದದ್ದು ಮೋರ್ಲಿಯಲ್ಲಿ. ನಂಜುಂಡಸ್ವಾಮಿಯ ಕೋಣೆಯೂ ಎರಡು ಬೀದಿಯಾಚೆ. "ನಾನು ಹೇಗಿದ್ರೂ ಅದೇ ದಾರೀಲಿ ಹೋಗ್ತೀನಿ, ಆಸ್ಪತ್ರೆ ಹತ್ರ ಇಳಿಸ್ತೀನಿ," ಎಂದ. ಬೇಡ ಎನ್ನುವಷ್ಟು ಶಕ್ತಿಯೂ ಅವಳಲ್ಲಿರಲಿಲ್ಲ.

ಅವನು ಸಮಾಧಾನ ಹೇಳಲಿಲ್ಲ. ಬೇರೆಯವರಂತೆ "ಧೈರ್ಯ ತಂದ್ಕೊಳ್ಳಿ" ಎನ್ನಲಿಲ್ಲ. ಕೇಳಿದರೆ ಗೇರ್‌ಬಾಕ್ಸಿನ ಸ್ಥಿತಿ ಹೇಳುತ್ತಿದ್ದ, ಇಲ್ಲವಾದರೆ ಸುಮ್ಮನಿರುತ್ತಿದ್ದ.

ಒಂದು ಬೆಳಿಗ್ಗೆ ಅವಳು ಅವನ ವ್ಯಾನಿನಲ್ಲೇ ನಿದ್ದೆಹೋದಳು. ಕಣ್ಣು ಬಿಟ್ಟಾಗ ವ್ಯಾನು ಆಸ್ಪತ್ರೆಯ ಮುಂದೆ ನಿಂತಿತ್ತು.

"ಎಬ್ಬಿಸ್ಬಾರ್ದಿತ್ತಾ?"

"ಇಪ್ಪತ್ತು ನಿಮಿಷ ಆಯ್ತು ಅಷ್ಟೇ. ನಿಮ್ಮ ಡ್ಯೂಟಿಗೆ ಇನ್ನೂ ಟೈಮ್ ಇದೆ."

ಅವನ ಡ್ಯೂಟಿಗೆ ಟೈಮ್ ಮೀರಿತ್ತು. ಅದನ್ನು ಅವನು ಹೇಳಲಿಲ್ಲ.

ಕಾರು ಸಿದ್ಧವಾದ ದಿನ ಅಹಲ್ಯಾ ವರ್ಕ್‌ಶಾಪಿಗೆ ಹೋದಳು. "ವಯಸ್ಸಾದ ಗೇರ್‌ಬಾಕ್ಸ್, ಸವೆದುಹೋಗಿತ್ತು," ಎಂದಷ್ಟೇ ಹೇಳಿ ನಂಜುಂಡಸ್ವಾಮಿ ಬೀಗದ ಕೈ ಕೊಟ್ಟ.

ಆದರೆ ಕಚೇರಿಯಲ್ಲಿದ್ದ ಮುದುಕ ಯಜಮಾನ ನಕ್ಕು ಇಂಗ್ಲಿಷಿನಲ್ಲಿ ಬೇರೆಯೇ ಹೇಳಿದ. ವಯಸ್ಸಲ್ಲ, ತಪ್ಪು ಎಣ್ಣೆ. ಯಾರೋ ಗೇರ್‌ಬಾಕ್ಸಿಗೆ ಇಂಜಿನ್ನಿನ ಎಣ್ಣೆ ಸುರಿದಿದ್ದಾರೆ. ಡಿಕ್ಕಿಯಲ್ಲಿ ಅರ್ಧ ಖಾಲಿಯಾದ ಡಬ್ಬಿ ಸಿಕ್ಕಿತು, ಮೇಲೆ ನಿಮ್ಮ ಭಾಷೆಯ ಚೀಟಿ ಇತ್ತು. ಸ್ವಾಮಿ ಅದನ್ನು ಓದಿ, ನಿಮಗೆ ಹೇಳಬೇಡಿ ಅಂದ.

ಅಹಲ್ಯಾ ಹೊರಗೆ ಬಂದಳು.

"ಚೀಟೀಲಿ ಏನಿತ್ತು?"

ನಂಜುಂಡಸ್ವಾಮಿ ತಲೆ ತಗ್ಗಿಸಿದ. "'ಗೇರ್‌ಬಾಕ್ಸ್‌ಗೆ ಮಾತ್ರ, ಉಮಾಕಾಂತ' ಅಂತ. ಪಾಪ, ಗೊತ್ತಿಲ್ಲದೆ ಹಾಕಿದಾರೆ. ಹೋದೋರ ಮೇಲೆ ಯಾಕೆ ತಪ್ಪು ಹೊರಿಸೋದು ಅಂತ... ನಿಮಗೆ ನೋವಾಗುತ್ತೆ ಅಂತ..."

"ಅವರೂ ಹಾಗೇ ಅಂದ್ಕೊಂಡಿದ್ರು," ಎಂದಳು ಅಹಲ್ಯಾ. ದನಿ ಏರಲಿಲ್ಲ. "ನನಗೆ ನೋವಾಗುತ್ತೆ ಅಂತ ಎದೆನೋವನ್ನೇ ಮುಚ್ಚಿಟ್ರು. ನೀವೂ ಅದೇ ಮಾಡಿದ್ರಿ."

ಕಾರು ಹತ್ತಿ ಹೊರಟುಹೋದಳು. ಮುಂದಿನ ತಿಂಗಳೇ ದೂರದ ಅಡಿಲೇಡ್‌ನ ಆಸ್ಪತ್ರೆಯೊಂದರಲ್ಲಿ ಕೆಲಸ ಹಿಡಿದು, ಅಲ್ಲಿನ ಪ್ರಾಸ್ಪೆಕ್ಟ್ ಬಡಾವಣೆಯಲ್ಲಿ ಬಾಡಿಗೆ ಮನೆ ಮಾಡಿದಳು.

ಹೊಸ ಆಸ್ಪತ್ರೆಯ ವಿಳಾಸಕ್ಕೆ ನಂಜುಂಡಸ್ವಾಮಿಯ ಕಾಗದ ಬಂತು; ಪರ್ತ್‌ನ ಆಸ್ಪತ್ರೆಯಲ್ಲಿ ಕೇಳಿ ವಿಳಾಸ ಪಡೆದಿದ್ದ. ಕ್ಷಮೆಯ ಮಾತು ಒಂದೇ ಸಾಲು. ಉಳಿದದ್ದೆಲ್ಲ ಗೇರ್‌ಬಾಕ್ಸಿನ ವಿಷಯ: ಯಾವ ಪ್ಲೇಟು ಎಷ್ಟು ಸುಟ್ಟಿತ್ತು, ಯಾವ ಭಾಗ ಹೊಸದು, ಯಾವುದು ಹಳೆಯದು. ಕೊನೆಗೆ, "ಎಣ್ಣೆ ಸೋರದಂತೆ ತಡೆಯುವ ಒಂದು ಸೀಲ್ ಮೇಲೆ ನನಗೆ ಪೂರ್ತಿ ನಂಬಿಕೆ ಇಲ್ಲ. ಆರು ತಿಂಗಳಿಗೆ ಎಣ್ಣೆ ಬದಲಾಯಿಸಿ ನೋಡಿಸಿ. ಯಾವುದನ್ನೂ ಮುಚ್ಚಿಟ್ಟಿಲ್ಲ," ಎಂದಿತ್ತು.

ಅವಳು ಓದಿ ಡ್ರಾಯರಿನಲ್ಲಿಟ್ಟಳು. ಏನೂ ಅನ್ನಿಸಲಿಲ್ಲ.

ಐದು ತಿಂಗಳಾದ ಮೇಲೆ ಒಂದು ಸಂಜೆ ಡ್ಯೂಟಿ ಮುಗಿಸಿ ಪ್ರಾಸ್ಪೆಕ್ಟ್ ರಸ್ತೆಯಲ್ಲಿ ಬರುವಾಗ, ಕಾರು ಒಂದು ಗೇರಿನಿಂದ ಇನ್ನೊಂದಕ್ಕೆ ಗೊತ್ತೇ ಆಗದಂತೆ ಜಾರಿತು. ಎಷ್ಟು ನಯವಾಗಿ ಹೋಗ್ತಿದೆ... ಎಂದುಕೊಂಡಳು. ಎಷ್ಟೋ ದಿನಗಳ ಮೇಲೆ ಅವಳಿಗೆ ಏನೋ ಅನ್ನಿಸಿತ್ತು. ಕಾರನ್ನು ಬದಿಗೆ ನಿಲ್ಲಿಸಿದಳು.

ಅಲ್ಲಿ ಅವಳು ಉಮಾಕಾಂತನಿಗಾಗಿ ಅತ್ತಳು. ತಪ್ಪು ಎಣ್ಣೆ ಸುರಿದು, ಮೇಲೆ ಅಚ್ಚುಕಟ್ಟಾಗಿ ಚೀಟಿ ಅಂಟಿಸಿದ ಆ ಮನುಷ್ಯನ ಮೇಲಿನ ಸಿಟ್ಟಿಗೂ ಪ್ರೀತಿಗೂ ಒಟ್ಟಿಗೇ ಅತ್ತಳು.

ಮನೆಗೆ ಬಂದು ಪರ್ತ್‌ನ ವರ್ಕ್‌ಶಾಪಿಗೆ ಫೋನ್ ಮಾಡಿದಳು.

"ನಾನು ಅಹಲ್ಯಾ. ಆರು ತಿಂಗಳಾಗ್ತಾ ಬಂತು. ಎಣ್ಣೆ ಬದಲಾಯಿಸ್ಬೇಕಲ್ಲ?"



"ಬರ್ತೀನಿ," ಎಂದ ನಂಜುಂಡಸ್ವಾಮಿ.

ಎರಡು ಊರುಗಳ ನಡುವಿನ ಬರಡು ಬಯಲು ಸೀಳಿಕೊಂಡು ಬರುವ ಬಸ್ಸಿನಲ್ಲಿ ಎರಡು ದಿನ ಕೂತು ಬಂದ. ಅವಳ ಮನೆಯಲ್ಲಿ ಸ್ನಾನ ಮುಗಿಸಿ ನೇರ ಕಾರಿನಡಿಗೆ ನುಗ್ಗಿದ. ಹಳೆಯ ಎಣ್ಣೆ ತಟ್ಟೆಗೆ ಇಳಿಯಿತು. ಕೆಂಪಗಿತ್ತು.

"ಸೀಲ್ ಚೆನ್ನಾಗಿದೆ," ಎಂದ ಹೊರಗೆ ಬಂದು. "ನನ್ನ ಅನುಮಾನ ಸುಳ್ಳಾಯ್ತು, ಸುಮ್ಮನೆ ಹೆದರಿಸಿಬಿಟ್ಟೆ ನಿಮ್ಮನ್ನ."

"ಇನ್ನೇನಾದ್ರೂ ಮುಚ್ಚಿಟ್ಟಿದ್ದೀರಾ?"

ಅವನು ಬಟ್ಟೆಯಲ್ಲಿ ಕೈ ಒರೆಸಿಕೊಂಡ. "ಒಂದಿದೆ. ಈ ಕೆಲಸಕ್ಕೆ ಇಲ್ಲಿನ ಯಾವ ಮೆಕ್ಯಾನಿಕ್ ಆದ್ರೂ ಸಾಕಿತ್ತು. ಫೋನಲ್ಲೇ ಹೇಳ್ಬಹುದಿತ್ತು, ಹೇಳ್ಲಿಲ್ಲ. ನಿಮ್ಮನ್ನ ನೋಡ್ಬೇಕಿತ್ತು. ವ್ಯಾನಲ್ಲಿ ಪಕ್ಕದ ಸೀಟು ಖಾಲಿ ಇದ್ರೆ ನನಗೆ ಆಗ್ತಿಲ್ಲ, ಅಹಲ್ಯಾ."

ಅವನು ಅವಳನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.

"ಯಾವ ಮೆಕ್ಯಾನಿಕ್ ಆದ್ರೂ ಸಾಕು ಅಂತ ನನಗೂ ಗೊತ್ತಿತ್ತು," ಎಂದಳು ಅವಳು.

"ಆದ್ರೂ ನನ್ನನ್ನೇ ಕರೆದ್ರಾ?"

"ಕರೆದೆ." ಅವಳ ಕಣ್ಣು ತುಂಬಿತ್ತು. "ವಾಪಸ್ ಟಿಕೆಟ್ ಯಾವತ್ತಿಗಿದೆ?"

"ತಗೊಂಡಿಲ್ಲ."

"ತಗೋಬೇಡಿ," ಎಂದಳು ಅಹಲ್ಯಾ.